ನೂರಕ್ಕ ನಗದ ಸಿನಿಮಾ

ಟಾಕೀಸಿನಲ್ಲಿ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ನೂರಕ್ಕ ಗಟ್ಟಿಯಾಗಿ ನಕ್ಕುಬಿಡುತ್ತಿದ್ದರು. ಪರದೆಯ ಮೇಲೆ ನಾಯಕ ಆಸ್ಪತ್ರೆಯ ಮಂಚದಲ್ಲಿ ಕೊನೆಯುಸಿರು ಎಳೆಯುತ್ತಿರುತ್ತಿದ್ದ. ತಾಯಿ ಎದೆ ಬಡಿದುಕೊಳ್ಳುತ್ತಿದ್ದಳು. ನಮ್ಮ ಸಾಲಿನಿಂದ ಇವರ ದನಿ ಏಳುತ್ತಿತ್ತು: “ಅಯ್ಯೋ ಮಾರಾಯ್ತಿ, ಗ್ಲೂಕೋಸಿನ ನಳಿಗೆ ಬಾಟ್ಲಿಗೆ ಸಿಕ್ಕಿಸಲೇ ಇಲ್ಲ! ಅವ ಸಾಯದೆ ಇನ್ನೆಂತ ಮಾಡ್ತಾನೆ?”

ನೂರ್‌ಜಹಾನ್ ಎಂಬ ಹೆಸರು ಅವರು ನರ್ಸಾಗಿದ್ದ ಆಸ್ಪತ್ರೆಯ ಹಾಜರಿ ಪುಸ್ತಕಕ್ಕೆ ಮಾತ್ರ. ಕೊಪ್ಪದಲ್ಲಿ ಅವರು ನೂರು ಸಿಸ್ಟರ್, ಗೋಡೆಯಾಚೆ ವಾಸವಿದ್ದ ನಮಗೆ ನೂರಕ್ಕ. ನಾನು ಆಗ ಬಾಳಗಡಿಯ ಕಾಲೇಜಿಗೆ ಹೋಗುತ್ತಿದ್ದೆ. ಸಾಲುಮನೆಯ ಗೋಡೆ ಎಷ್ಟು ತೆಳುವಾಗಿತ್ತೆಂದರೆ, ಅವರು ಆ ಕಡೆ ಒಗ್ಗರಣೆ ಹಾಕಿದರೆ ನಾವು ಈ ಕಡೆ ಸೀನುತ್ತಿದ್ದೆವು. ಅವರ ಗಂಡ ಬಶೀರಣ್ಣ ಟಾಕೀಸಿನ ಪ್ರಚಾರದವನು. ಜೀಪಿಗೆ ಮೈಕು ಕಟ್ಟಿಕೊಂಡು, ಬಣ್ಣದ ಕರಪತ್ರ ತೂರುತ್ತಾ ಊರೂರು ಸುತ್ತುತ್ತಿದ್ದ. ಹಾಗಾಗಿ ನೂರಕ್ಕನಿಗೂ ಅವರ ಜತೆ ಹೋದ ನಮಗೂ ಟಿಕೆಟಿಲ್ಲದೆ ಸಿನಿಮಾ. “ನಾ ಅವನ ಮುಖ ನೋಡಿ ಒಪ್ಪಿದ್ದಲ್ಲ. ಬಾಳೆಹೊನ್ನೂರಲ್ಲಿ ನಮ್ಮ ಅಂಗಡಿ ಮುಂದೆ ಜೀಪು ಹೋಯ್ತು, ಆ ದನಿಗೇ ಬಿದ್ದೆ,” ಎಂದು ಹೇಳಿ ಕೆಂಪಾಗುತ್ತಿದ್ದರು.

ಒಂದು ಮಳೆಗಾಲ ನರಸಿಂಹರಾಜಪುರದ ದಾರಿಯಲ್ಲಿ ಆ ಜೀಪು ಮಗುಚಿತು. ಬಶೀರಣ್ಣನ ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ನೋವು ತಡೆಯಲಾರದೆ ಕೂಗುತ್ತಿದ್ದವನಿಗೆ ಪೆಥಿಡಿನ್ ಸೂಜಿ ಚುಚ್ಚಿದಾಗ ಮಾತ್ರ ನಿದ್ದೆ. ಮೂಳೆ ಕೂಡಿತು, ಮನೆಗೆ ಬಂದ, ನಡೆಯಲೂ ತೊಡಗಿದ. ಆದರೆ ಸೂಜಿಯ ಬಯಕೆ ಮೈ ಬಿಟ್ಟು ಹೋಗಲಿಲ್ಲ. ಮೊದಮೊದಲು ಕಾಲುನೋವೆಂದು ಕೇಳಿದ, ಆಮೇಲೆ ಹೊಟ್ಟೆನೋವೆಂದ, ಕಡೆಗೆ ಕಾರಣ ಹೇಳುವುದನ್ನೂ ಬಿಟ್ಟ. ಯಾವ ಊರಿನ ಯಾವ ಕಂಪೌಂಡರನ ಕೈ ಹಿಡಿಯುತ್ತಿದ್ದನೋ ಗೊತ್ತಿಲ್ಲ. ನೂರಕ್ಕನ ಮನೆಯ ಹಿತ್ತಾಳೆ ಪಾತ್ರೆಗಳು ಒಂದೊಂದೇ ಕಾಣೆಯಾದವು. ಗೋಡೆಯಾಚೆಯಿಂದ ಒಗ್ಗರಣೆಯ ಘಾಟಿನ ಬದಲು ಬಶೀರಣ್ಣ ಅಂಗಲಾಚುವುದು ಕೇಳತೊಡಗಿತು: “ಒಂದೇ ಒಂದು, ನೂರೂ. ನಿಂಗೆ ಅದೆಂತ ದೊಡ್ಡದು? ನಾಳೆಯಿಂದ ಬೇಡ.”

ಅವರು ತಂದುಕೊಡಲಿಲ್ಲ. ಆಸ್ಪತ್ರೆಯ ಮದ್ದಿನ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಅವರು ಸ್ನಾನಕ್ಕೆ ಹೋದಾಗ ಬಶೀರಣ್ಣ ಅದನ್ನು ಎಗರಿಸಿದ. ಒದ್ದೆ ತಲೆಯಲ್ಲೇ ಓಡಿದ ನೂರಕ್ಕನಿಗೆ ಅವನು ಸಿಕ್ಕಿದ್ದು ಕಪಾಟಿನ ಎದುರು, ನಡುಗುವ ಕೈಯಲ್ಲಿ ಇನ್ನೂ ಬೀಗ ತೆರೆಯಲಾಗದೆ ಒದ್ದಾಡುತ್ತಿದ್ದಾಗ. ಬೀಗದ ಕೈ ಕಸಿದುಕೊಂಡವರು ನೇರವಾಗಿ ಡಾಕ್ಟರ ಮೇಜಿನ ಮೇಲಿಟ್ಟರು. “ಇದು ನನ್ನ ಹತ್ರ ಇರೋದು ಬೇಡ ಸಾರ್. ನನ್ನ ಗಂಡನಿಗೆ ಸೂಜಿಯ ಚಟ ಹತ್ತಿದೆ,” ಎಂದರು. ಸಾಲಿನಲ್ಲಿ ನಿಂತ ರೋಗಿಗಳೆಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ.

ನನ್ನ ಅಮ್ಮ ತಡೆಯಲಾರದೆ ಕೇಳಿದರು: “ನಾಲ್ಕು ಜನರ ಎದುರು ಯಾಕೆ ಹೇಳಿದ್ದು ನೂರೂ? ಮುಚ್ಚಿಡಬಹುದಿತ್ತು.”

“ಮುಚ್ಚಿಟ್ಟೇ ಇಲ್ಲಿವರೆಗೆ ಬಂದದ್ದು, ಅಮ್ಮ.”

ಇಷ್ಟಾದರೂ ಬಶೀರಣ್ಣನ ಕೆಲಸವೊಂದು ಉಳಿದಿತ್ತು. ಆ ಕೆಲಸದಲ್ಲೇ ಒಂದು ದಿನ ಅವನು ಹೊಸ ಸಿನಿಮಾದ ಕಥೆ ಸಾರಿಕೊಂಡು ನಮ್ಮ ಕೇರಿಗೆ ಬಂದ. “ಮಾದಕ ಮದ್ದಿಗೆ ಮಾರುಹೋದ ಗಂಡ! ನುಚ್ಚುನೂರಾದ ಸಂಸಾರ! ಸತಿಯ ಕಣ್ಣೀರಿನ ಕಥೆ! ಇಂದೇ ನೋಡಿ!” ಮಾತು ಒಂದಿಷ್ಟೂ ತಡವರಿಸಲಿಲ್ಲ. ಜೀಪು ಅವನ ಮನೆಯ ಮುಂದೆಯೇ ಹಾದುಹೋಯಿತು. ಒಬ್ಬರ ಮುಖ ಒಬ್ಬರು ನೋಡದೆ ನಾವು ಒಳಗೆ ಸೇರಿಕೊಂಡೆವು.

ಭಾನುವಾರದ ಮ್ಯಾಟಿನಿಗೆ ನೂರಕ್ಕ ತಾವಾಗಿಯೇ ಹೊರಟರು. ಪರದೆಯ ಮೇಲಿನ ಹೆಂಡತಿ ಒಡವೆ ಕಳೆದುಕೊಂಡಳು, ಏಟು ತಿಂದಳು, ಉಪವಾಸ ಮಾಡಿದಳು. ಕೊನೆಗೆ ಮಳೆಯಲ್ಲಿ ನಿಂತು ಒಂದು ಹಾಡು ಹಾಡಿದಳು. ಗಂಡ ಓಡಿಬಂದು ಅವಳ ಕಾಲಿಗೆ ಬಿದ್ದ. ಚಟ ಅಲ್ಲಿಗೆ ಮುಗಿಯಿತು. ಟಾಕೀಸಿಗೆ ಟಾಕೀಸೇ ಅತ್ತಿತು. ನೂರಕ್ಕ ನಗಲಿಲ್ಲ, ಅಳಲೂ ಇಲ್ಲ. ಕಣ್ಣು ಮಿಟುಕಿಸದೆ ನೋಡುತ್ತಾ ಕುಳಿತಿದ್ದರು.

ಹೊರಗೆ ಬಂದಾಗ ಎದುರುಮನೆಯ ಪದ್ಮಕ್ಕ ಮೂಗೊರೆಸುತ್ತಾ ಹೇಳಿದರು: “ಕಂಡ್ಯಾ ನೂರೂ, ಹೆಂಡ್ತಿ ಗಟ್ಟಿ ಇದ್ರೆ ಗಂಡ ದಾರಿಗೆ ಬಂದೇ ಬರ್ತಾನೆ.”

“ಅವಳು ಒಂದು ಹಾಡು ಹೇಳಿದ್ಲು, ಅವ ಬಿಟ್ಟ,” ಎಂದರು ನೂರಕ್ಕ. “ನಾನು ಹೇಳಿದ ಹಾಡೆಲ್ಲ ಈ ಹುಡುಗಿ ಮನೆ ಗೋಡೆಗೆ ಬಾಯಿಪಾಠ ಆಗಿದೆ, ಪದ್ಮಕ್ಕ.”

ಬಸ್‌ಸ್ಟ್ಯಾಂಡ್ ದಾಟಿದೆವು. ಆಮೇಲೆ ನೂರಕ್ಕ ನನ್ನೊಬ್ಬಳಿಗೆ ಕೇಳುವಂತೆ ಹೇಳಿದರು: “ಕುಳಿತಲ್ಲೇ ನಂಗೊಂದು ಹೊಳೀತು ಮಾರಾಯ್ತಿ. ನಾನು ಹೆಂಡತಿ ಆಗಿರೋವರೆಗೆ ಅವ ಬಿಡೂದಿಲ್ಲ. ಇವಳು ನರ್ಸು, ಇವತ್ತಲ್ಲ ನಾಳೆ ಕರಗ್ತಾಳೆ ಅಂತ ಕಾಯ್ತಾ ಇದಾನೆ. ನಾನೂ ಒಂದು ದಿನ ಕರಗಿಬಿಟ್ರೆ? ಆ ಆಸೆಯೇ ಅವನನ್ನು ಕೊಲ್ಲೂದು.”

ಮುಂದಿನ ವಾರ ಅವರು ಜಮಾತಿನ ಹಿರಿಯರ ಮುಂದೆ ಹೋಗಿ ಖುಲಾ ಕೇಳಿದರು. ಹೆಂಗಸು ತಾನಾಗಿ ಮದುವೆಯಿಂದ ಬಿಡುಗಡೆ ಕೇಳಲು ಅವರಲ್ಲಿ ದಾರಿಯಿತ್ತು, ಆದರೆ ನಮ್ಮ ಪೇಟೆಯಲ್ಲಿ ಆ ದಾರಿಯಲ್ಲಿ ನಡೆದವರನ್ನು ನಾವು ಕಂಡಿರಲಿಲ್ಲ. ಹಿರಿಯರು ಸಹನೆಯ ಮಾತಾಡಿದರಂತೆ. ಇನ್ನೊಂದು ವರ್ಷ ನೋಡು ಎಂದರಂತೆ. ಆಗ ಮೂಲೆಯಲ್ಲಿ ಕೂತಿದ್ದ ಬಶೀರಣ್ಣ ಎದ್ದು ನಿಂತನಂತೆ.

“ಅವಳಿಗೆ ಬುದ್ಧಿ ಹೇಳ್ಬೇಡಿ. ನಾನು ದಿನಾ ಅವಳ ಕಾಲು ಹಿಡಿದದ್ದು ಹೌದು. ಅದು ಸೂಜಿಗೆ, ಅವಳಿಗಲ್ಲ. ಬಿಟ್ಟುಕೊಡ್ತೇನೆ.”

ಅಂದು ನೂರಕ್ಕ ನಮ್ಮ ಮನೆಯಲ್ಲೇ ಉಂಡರು. ಅಮ್ಮ ಬಡಿಸುತ್ತಾ ಅತ್ತರು. ನೂರಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡು, “ಮದುವೆಯಾದ ಮೇಲೆ ಅವ ನಂಗೆ ಕೊಟ್ಟದ್ದರಲ್ಲಿ ಇದೇ ದೊಡ್ಡದು ಅಮ್ಮ,” ಎಂದರು.

ವಿಚ್ಛೇದನವಾದ ಮೇಲೆ ಅವನನ್ನು ಚಟ ಬಿಡಿಸುವ ಮಂಗಳೂರಿನ ಆಸ್ಪತ್ರೆಗೆ ಸೇರಿಸಲು ಡಾಕ್ಟರ ಹತ್ತಿರ ಹೇಳಿಸಿದ್ದೂ ನೂರಕ್ಕನೇ. ಜತೆಗೆ ಹೋದವನು ಅವನ ಅಣ್ಣ, ಇವರು ಹೋಗಲಿಲ್ಲ. ಒಮ್ಮೆ ಅಲ್ಲಿಂದ ಓಡಿಬಂದನೆಂದೂ ಅಣ್ಣ ಮತ್ತೆ ಬಸ್ಸು ಹತ್ತಿಸಿದನೆಂದೂ ಕೇಳಿದೆವು. ಆಮೇಲೆ ಕೆರೆಕಟ್ಟೆಯ ಅಣ್ಣನ ಮನೆಯಲ್ಲಿ ನಿಂತು ಕಾಡಿನಲ್ಲಿ ಮರ ಕಡಿದು ಸಾಗಿಸುವ ನಾಟಾ ಕೆಲಸಕ್ಕೆ ಸೇರಿದನಂತೆ.

ನಾನು ಮದುವೆಯಾಗಿ ನರಸಿಂಹರಾಜಪುರಕ್ಕೆ ಹೋದೆ. ನೂರಕ್ಕನಿಗೆ ಶೃಂಗೇರಿಗೆ ವರ್ಗವಾಯಿತು. ನೆಂಟರ ಮನೆಯ ಉಪನಯನಕ್ಕೆಂದು ಶೃಂಗೇರಿಗೆ ಹೋದವಳು ಅವರ ಕ್ವಾರ್ಟರ್ಸ್ ಹುಡುಕಿಕೊಂಡು ನಡೆದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕೂದಲು ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ಕಾಫಿ ಕೊಟ್ಟು, ನಾನು ಕೇಳಬೇಕೆಂದಿದ್ದನ್ನು ತಾವೇ ಹೇಳಿದರು.

“ಬಶೀರ ಬಂದಿದ್ದ, ಹೋದ ಆಷಾಢದಲ್ಲಿ. ಇನ್ನೊಂದು ಮದುವೆ ಆಗಿದಾನೆ, ನಿಂಗೆ ಗೊತ್ತುಂಟಲ್ಲ? ಅವಳಿಗೆ ಚೊಚ್ಚಲ ಹೆರಿಗೆ. ಕೆರೆಕಟ್ಟೆಯಿಂದ ಬಸ್ಸಿಲ್ಲ, ಯಾರದೋ ಲಾರಿಯಲ್ಲಿ ಕರಕೊಂಡು ಬಂದ. ಆಸ್ಪತ್ರೆ ಬಾಗಿಲಲ್ಲಿ ನನ್ನ ನೋಡಿ ಹಿಂದೆ ಸರಿದ. ‘ಒಳಗೆ ಬಿಡು ಮಾರಾಯ, ಅವಳಿಗೆ ನೋವು ಶುರುವಾಗಿದೆ’ ಅಂದೆ.”

“ನಿಮಗೆ ಏನೂ ಅನ್ನಿಸಲಿಲ್ವಾ ನೂರಕ್ಕ?”

“ಅನ್ನಿಸದೆ ಎಂತ? ಪಾಪ, ಅವಳು ಹೆದರಿ ನನ್ನ ಕೈ ಬಿಡಲೇ ಇಲ್ಲ. ಹೆಣ್ಣುಮಗು. ಒರೆಸಿ, ಬಟ್ಟೆ ಸುತ್ತಿ, ಹೊರಗೆ ತಂದು ಅವನ ಕೈಗೆ ಕೊಟ್ಟೆ.”

ನೂರಕ್ಕ ಲೋಟ ಕೆಳಗಿಟ್ಟರು.

“ಎಲ್ಲರೂ ಮಗು ನೋಡ್ತಿದ್ರು. ನಾನು ಅವನ ಕೈ ನೋಡ್ತಿದ್ದೆ. ನಡುಗಲಿಲ್ಲ ಮಾರಾಯ್ತಿ, ಒಂದು ಚೂರೂ ನಡುಗಲಿಲ್ಲ.”