ಮಂಗಲವಾಗದ ಪುಸ್ತಕ

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ. ತೆರೆದರೆ ಗಾಳಿಯ ಜೊತೆ ಘಾಟು ಒಳಗೆ ಬರುತ್ತದೆ, ಮನೆಮಂದಿಯೆಲ್ಲ ಸಾಲುಹಿಡಿದು ಸೀನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಮಾಷೆಯಾಗಿತ್ತು. ಅತ್ತೆ ಬಿದ್ದ ವರ್ಷ ಮಾತ್ರ ಆ ಮುಚ್ಚಿದ ಕಿಟಕಿಗಳನ್ನು ಕಂಡರೆ ಉಸಿರು ಕಟ್ಟುತ್ತಿತ್ತು. ಸಂಕ್ರಾಂತಿಗೆ ಮೊದಲು ಅವರು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ರಾಡು ಹಾಕಿಸಿ ಕರೆತಂದು ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ನನ್ನ ಗಂಡನದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಅವರು ಮನೆಗೆ ಬರುವುದೇ ಉಣ್ಣುವುದಕ್ಕೆ. ಹಾಗಾಗಿ ರಾಣೇಬೆನ್ನೂರಿನ ಖಾಸಗಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನಾನು ರಜೆ ಹಾಕಿ ಮಂಚದ ಪಕ್ಕ ಕುಳಿತೆ.

"ಶಿವರಾತ್ರಿ ಮುಗಿದ ಸೋಮವಾರ ಬಂದಬಿಡ್ರಿ ಟೀಚರ್. ಪರೀಕ್ಷಿ ಮುಂದ ಬಂದಾವು. ಬರಲಿಲ್ಲಂದ್ರ ನಾನು ಬ್ಯಾರೇದವ್ರನ್ನ ನೋಡಬೇಕಾಗ್ತೈತಿ" ಎಂದು ಹೆಡ್‌ಮಾಸ್ತರು ಹೇಳಿ ಕಳಿಸಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಸೋಮವಾರವನ್ನು ನಾನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಓಡಾಡುತ್ತಿದ್ದೆ.

ನಾನು ಓದುತ್ತಿದ್ದದ್ದು ಶಾಲೆಗೆ ಹೋಗಿಬರುವ ಬಸ್ಸಿನಲ್ಲಿ. ಮನೆಯಲ್ಲಿ ಪುಸ್ತಕ ಹಿಡಿದ ಕೂಡಲೇ ಯಾರಿಗಾದರೂ ಏನಾದರೂ ಬೇಕಾಗುತ್ತದೆ. ಬಸ್ಸಿನಲ್ಲಿ ನನ್ನನ್ನು ಯಾರೂ ನೀರು ಕೇಳುವುದಿಲ್ಲ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಾವು ನಾಲ್ವರು ಶಿಕ್ಷಕಿಯರು ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನ ಹತ್ತಿರ ಗಿರಮಿಟ್ ಅಂಗಡಿಯಲ್ಲಿ ಕೂಡುತ್ತಿದ್ದೆವು. ಈಚೆಗೆ ಓದಿದ್ದನ್ನು ಒಬ್ಬೊಬ್ಬರೇ ಹೇಳಬೇಕು. ಆದರೆ ಪೂರ್ತಿ ಓದಿದವರಿಗಷ್ಟೇ ಮಾತು. ಅರ್ಧಕ್ಕೆ ಬಿಟ್ಟವರು ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿ, ಬಾಯಿ ಮುಚ್ಚಿಕೊಂಡು ಕೇಳಬೇಕು. ಈ ನಿಯಮ ಮಾಡಿದವಳು ನಾನೇ. ನಾಲ್ಕು ಪುಟ ತಿರುವಿ ಇಡೀ ಪುಸ್ತಕದ ಮೇಲೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ನಿಯಮದ ದೆಸೆಯಿಂದ ಎಂಥೆಂಥ ಬೇಸರದ ಪುಸ್ತಕಗಳನ್ನೂ ಮುಗಿಸಿದ್ದೇವೆ. ಶುಕ್ರವಾರ ಬಂತೆಂದರೆ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕಂಬಿಗೆ ಒರಗಿ ಓದುತ್ತಿದ್ದೆ. ಮಿರ್ಚಿ ಕೊಡಿಸುವುದು ದೊಡ್ಡ ಮಾತಲ್ಲ, ಹೇಳಲು ಏನೂ ಇಲ್ಲದೆ ಕೂರುವುದು ನನ್ನಿಂದಾಗುತ್ತಿರಲಿಲ್ಲ.

ರಜೆ ಹಾಕುವಾಗ ಒಳಗೊಳಗೆ ಖುಷಿಯೂ ಇತ್ತು. ಮನೆಯಲ್ಲೇ ಇರುತ್ತೇನೆ, ಇನ್ನು ಓದೇ ಓದು ಎಂದುಕೊಂಡಿದ್ದೆ. ಗೆಳತಿಯೊಬ್ಬಳು ತನ್ನ ದಪ್ಪ ಕಾದಂಬರಿಯೊಂದನ್ನು ಕೊಟ್ಟು ಕಳಿಸಿದ್ದಳು. ಅಣ್ಣತಮ್ಮಂದಿರು ಬೇರೆಯಾಗಿ ಮನೆಯ ನಡುವೆ ಗೋಡೆ ಎಬ್ಬಿಸುತ್ತಾರೆ; ಅವರ ಹೆಂಡಂದಿರಲ್ಲಿ ಒಬ್ಬಳು ಗೋಡೆಯ ಆಚೆ, ಒಬ್ಬಳು ಈಚೆ. ಇಷ್ಟೇ ಕಥೆ. ಬರೆದವರಿಗೆ ಗೋಡೆಯ ಮೇಲೆ ಬಹಳ ಪ್ರೀತಿ ಇತ್ತೆಂದು ಕಾಣುತ್ತದೆ, ಪುಟಗಟ್ಟಲೆ ಗೋಡೆಯೇ ಏಳುತ್ತಿತ್ತು. ನಾನು ಪುಟ ತೆರೆದರೆ ಅತ್ತೆ "ನೀರು" ಎನ್ನುತ್ತಿದ್ದರು. ನೀರು ಕೊಟ್ಟು ಕುಳಿತರೆ "ಸ್ವಲ್ಪ ಈ ಮಗ್ಗಲ ಹೊರಳಸು" ಎನ್ನುತ್ತಿದ್ದರು. ಒಂದು ವಾರ ಕಳೆದರೂ ಆ ಗೋಡೆ ಮೊಳಕಾಲೆತ್ತರ ಬಂದಿರಲಿಲ್ಲ.

ಶನಿವಾರ ಗೆಳತಿಯರು ಫೋನು ಮಾಡಿದರು. ಹಿಂದೆ ಬಾಣಲೆಯಲ್ಲಿ ಎಣ್ಣೆ ಚುರ್ ಎನ್ನುವ ಸದ್ದು ಕೇಳುತ್ತಿತ್ತು. "ನಿಂದು ಯಾವುದು ಮುಗೀತು ಹೇಳಲೇ" ಎಂದರು. ನಾನು "ಅತ್ತಿ ಕರೀತಾರ" ಎಂದು ಇಟ್ಟುಬಿಟ್ಟೆ. ಅತ್ತೆ ಕರೆದಿರಲಿಲ್ಲ. ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಗೆಳತಿಯರು ಅಲ್ಲಿ ನಗುತ್ತ ಕುಳಿತಿದ್ದಾರೆ, ನಾನು ಇಲ್ಲಿ ಸೀನುತ್ತ ಸಾಯುತ್ತಿದ್ದೇನೆ ಅನಿಸಿತು.

ನನ್ನ ಚಡಪಡಿಕೆ ಮಂಚದ ಮೇಲಿದ್ದವರಿಗೆ ಕಾಣುತ್ತಿತ್ತು. ಒಂದು ಸಂಜೆ ಅತ್ತೆ ಕೇಳಿದರು, "ಏನದು, ತಗೀತಿ ಮುಚ್ಚತಿ, ತಗೀತಿ ಮುಚ್ಚತಿ? ಬಾಯಿ ಬಿಟ್ಟ ಓದು. ನಾನೂ ಕೇಳತೇನಿ."

ಕೇಳುತ್ತ ಮಲಗಿದರೆ ನೀರು ಕೇಳುವುದಾದರೂ ಕಡಿಮೆಯಾದೀತು ಎಂದು ನಾನು ಒಪ್ಪಿದೆ. ಬೋನಿನೊಳಗೆ ನಾನಾಗಿಯೇ ಕಾಲಿಟ್ಟದ್ದು ಹೀಗೆ.

ಅತ್ತೆಗೆ ಓದು ಬರುವುದಿಲ್ಲ. ಅವರು ಕಂಡ ಓದೆಂದರೆ ಶ್ರಾವಣದಲ್ಲಿ ಮಠದಲ್ಲಿ ನಡೆಯುವ ಪುರಾಣ. ಪುರಾಣ ಶುರು ಮಾಡುವುದಕ್ಕೆ ನಮ್ಮ ಕಡೆ ಹಚ್ಚುವುದು ಎನ್ನುತ್ತೇವೆ. ಒಮ್ಮೆ ಹಚ್ಚಿದ ಮೇಲೆ ದಿನ ತಪ್ಪದೆ ಸಂಜೆ ಓದು ನಡೆಯಬೇಕು. ಮುಗಿದ ದಿನ ಮಂಗಲ. ಅಂದು ಕಾಯಿ ಒಡೆದು ಬಂದವರಿಗೆಲ್ಲ ಸಿಹಿಯೂಟ. ಮಂಗಲವಾಗುವ ತನಕ ಪುರಾಣ ಹೇಳುವವರು ಊರು ಬಿಡುವುದಿಲ್ಲ. ಅತ್ತೆ ಈ ಕಟ್ಟಳೆಯನ್ನೆಲ್ಲ ತಂದು ನನ್ನ ಕಾದಂಬರಿಯ ತಲೆಗೆ ಕಟ್ಟಿದರು. ಮರುದಿನ ಸಂಜೆ ಮುಖ ತೊಳೆಸಿಕೊಂಡು, ವಿಭೂತಿ ಹಚ್ಚಿಕೊಂಡು, ದಿಂಬಿಗೆ ಒರಗಿ ಕುಳಿತರು. ಪುಸ್ತಕವನ್ನು ಮಣೆಯ ಮೇಲೆ ಇಡಿಸಿ ಊದಿನಕಡ್ಡಿ ಹಚ್ಚಿಸಿದರು. ಮಂದಿಯ ಪುಸ್ತಕದ ರಟ್ಟಿಗೆ ಕುಂಕುಮವೂ ಬಿತ್ತು.

"ಅತ್ತೀ, ಇದು ಪುರಾಣ ಅಲ್ರಿ. ಕಾದಂಬರಿ" ಎಂದೆ.

"ಯಾವುದಾದ್ರೇನ? ನಾಕು ಮಂದಿ ಬಾಳೇವು ಐತಿ ಹೌದಲ್ಲೊ? ಹಚ್ಚೀದಿ ಅಂದ ಮ್ಯಾಲ ಮಂಗಲ ಆಗಬೇಕು. ನಡುವ ತಪ್ಪಿತಂದ್ರ ಮತ್ತ ಮೊದಲಿಂದ. ನನ್ನ ಬಿಟ್ಟು ಮುಂದಿಂದು ಓದಗೀದಿ ಮತ್ತ."

ನಾನು ನಕ್ಕೆ. ಆಮೇಲೆ ಬಹಳ ದಿನ ನಗಲಿಲ್ಲ.

ದಿನಕ್ಕೊಂದು ಅಧ್ಯಾಯ. ಹೆಚ್ಚು ಓದಲು ಹೋದರೆ "ಸಾಕು, ನಾಳಿಗಿರಲಿ" ಎನ್ನುತ್ತಿದ್ದರು. ನಡುನಡುವೆ ಅವರ ಟೀಕೆ ಬೇರೆ. "ಗ್ವಾಡಿ ಕಟ್ಟಾಕ ಇಷ್ಟು ದಿನ ಬೇಕೇನ? ಆ ಗೌಂಡಿ ನೆಟ್ಟಗಿಲ್ಲ, ಬಿಡಸ್ರಿ ಅವನ್ನ" ಎಂದು ಒಮ್ಮೆ ಸಿಟ್ಟಾದರು.

ಮೊದಲ ಸಲ ಓದು ತಪ್ಪಿದ್ದು ನನ್ನ ಗಂಡನಿಂದ. ಅಂಗಡಿಯಿಂದ ಬಂದವರು ಅಂಗಿಯನ್ನು ಹಿತ್ತಲಲ್ಲಿ ಕಳಚಿ, ಕೈ ತೊಳೆದೇ ಒಳಗೆ ಬರಬೇಕೆಂಬುದು ಸುಗ್ಗಿಯ ಶಿಸ್ತು. ಅಂದು ತಾಯಿಯನ್ನು ಖುಷಿಪಡಿಸುವ ಉಮೇದಿನಲ್ಲಿ ಅದನ್ನು ಮರೆತರು. "ಎಲ್ಲೀತನಕ ಬಂತವ್ವ ನಿನ್ನ ಪುರಾಣ?" ಎಂದು ನನ್ನ ಕೈಯಿಂದ ಪುಸ್ತಕ ಕಸಿದು, ನಾಲ್ಕು ಪುಟ ಮಗುಚಿ ಕೊಟ್ಟು ಹೋದರು. ನಾನು ಬೆರಳಿಗೆ ಉಗುಳು ಹಚ್ಚಿ ಅದೇ ಪುಟ ತಿರುವಿದೆ, ಹಾಗೇ ಕಣ್ಣು ಉಜ್ಜಿಕೊಂಡೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ನಮ್ಮೂರವರು ಹೆಮ್ಮೆಯಿಂದ ಹೇಳುತ್ತಾರೆ. ಅವರ ಕಣ್ಣಿಗೆ ಅದು ಬಿದ್ದಿಲ್ಲ. ಎರಡು ಸಂಜೆ ನಾನು ಹಾಲಿನಲ್ಲಿ ಅದ್ದಿದ ಬಟ್ಟೆ ಕಣ್ಣಿಗೆ ಕಟ್ಟಿಕೊಂಡು ಬಿದ್ದಿದ್ದೆ. ಮೂರನೆಯ ಸಂಜೆ ಅತ್ತೆ ಶಾಂತವಾಗಿ ಹೇಳಿದರು, "ತಪ್ಪಿತಲ್ಲ. ಮೊದಲಿಂದ ಹಚ್ಚು."

ಎರಡನೆಯ ಸಲ ಗೆಳತಿಯ ಫೋನು. ಅಧ್ಯಾಯದ ನಡುವೆ ಎದ್ದು ಹೋಗಿ ಮಾತಾಡಿದೆ. ಮಾತು ಬೆಳೆಯಿತು, ದೀಪದ ಹೊತ್ತು ಮೀರಿತು. ಬಂದು ಕುಳಿತರೆ ಅತ್ತೆ ಪುಸ್ತಕ ಮುಚ್ಚಿಟ್ಟಿದ್ದರು. "ಪುರಾಣ ಹೇಳಾಕಿ ನಡುವ ಎದ್ದು ಹ್ವಾದ್ರ ಅದು ತಪ್ಪಿದಂಗ." ಮತ್ತೆ ಮೊದಲ ಪುಟ. ಗಂಡನ ಹೆಬ್ಬೆರಳಿನ ಕೆಂಪು ಗುರುತಿದ್ದ ಪುಟವನ್ನು ಹೀಗೆ ಮತ್ತೆ ಮತ್ತೆ ದಾಟಿ ಹೋಗುವುದೇ ನನ್ನ ಬದುಕಾಯಿತು. ಸಿಟ್ಟಿನಿಂದ ಒಂದು ಮಧ್ಯಾಹ್ನ, ಅವರು ಮಲಗಿದಾಗ, ಕದ್ದು ಮುಂದಿನದನ್ನು ಓದಲು ಕುಳಿತೆ. ರುಚಿಸಲಿಲ್ಲ. ಟೀಕೆ ಮಾಡುವವರಿಲ್ಲದೆ ಆ ಗೋಡೆ ಬರೀ ಗೋಡೆಯಾಗಿತ್ತು. ಮುಚ್ಚಿಟ್ಟೆ.

ಶಿವರಾತ್ರಿ ಹತ್ತಿರ ಬಂತು. ಒಂದು ದಿನ ಊಟಕ್ಕೆ ಕುಳಿತಾಗ ಗಂಡ ಹೇಳಿದರು, "ನೀ ಮನ್ಯಾಗ ಇದ್ರ ಮನಿ ಎಷ್ಟು ಹಗರ ನಡೀತೈತಿ ನೋಡು. ನೌಕರಿ ಬಿಟ್ರೇನಾತು? ಮದ್ಲ ಅವ್ವನ ಪುರಾಣ ಮಂಗಲ ಆಗ್ಲಿ, ಆಮ್ಯಾಲ ನೋಡೂಣು."

ಅವರು ಒರಟರಲ್ಲ. ಮೆತ್ತಗೆ ಹೇಳಿದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅದಕ್ಕೇ ನನಗೆ ಹೆದರಿಕೆಯಾಯಿತು. ಮುಗಿಯದ ಪುಸ್ತಕವೊಂದು ನನ್ನ ಕಾಲಿಗೆ ಹಗ್ಗವಾಗಿತ್ತು, ಅದರ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ಅತ್ತೆಯ ಕಟ್ಟಳೆಯೆಲ್ಲ ನನ್ನನ್ನು ಕಟ್ಟಿಹಾಕುವ ಹೂಟವೇ ಎಂದು ಅಂದು ನನಗೆ ಖಾತ್ರಿಯಾಯಿತು. ಅವರಿಗೆ ನೀರು ಕೊಡುವಾಗ ಮುಖ ನೋಡುವುದನ್ನು ಬಿಟ್ಟೆ. ಆದರೆ ಮೂರನೆಯ ಸಲದ ಓದನ್ನು ಮಾತ್ರ ಹಲ್ಲು ಕಚ್ಚಿ ನಡೆಸಿದೆ. ಆ ಹೊತ್ತಿಗೆ ಫೋನು ಆರಿಸಿಡುತ್ತಿದ್ದೆ, ಗಂಡ ಬಂದರೆ ಪುಸ್ತಕ ಬೆನ್ನ ಹಿಂದೆ ಇಡುತ್ತಿದ್ದೆ. ಇನ್ನು ಮೂರೇ ಅಧ್ಯಾಯ ಉಳಿದವು ಎನ್ನುವಾಗ, ಹೊಸರಿತ್ತಿಯಿಂದ ನಾದಿನಿ ಗಂಡ ಮಕ್ಕಳ ಸಮೇತ ಬಂದಳು. ಬ್ಯಾಡಗಿಯಲ್ಲೇ ಅವರ ಬಳಗದ ಒಂದು ಮದುವೆ. ಅದು ಮುಗಿಯುವ ತನಕ ವಸತಿ ನಮ್ಮಲ್ಲಿ.

ಆ ಸಂಜೆಗಳೆಲ್ಲ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪುಸ್ತಕ ಮಣೆಯ ಮೇಲೆ ಬಿದ್ದಿತ್ತು. ಮೊದಲ ಸಂಜೆ ಚಡಪಡಿಸಿದೆ, ಎರಡನೆಯ ಸಂಜೆ ಆಸೆ ಬಿಟ್ಟೆ. ಮೂರನೆಯ ಸಂಜೆ ಬಡಿಯುವುದನ್ನು ನಿಲ್ಲಿಸಿದಾಗ ನಡುಮನೆಯಿಂದ ಅತ್ತೆಯ ದನಿ ಕೇಳಿತು. ನಾದಿನಿಗೆ ಕಥೆ ಹೇಳುತ್ತಿದ್ದರು. ಅದು ನಮ್ಮ ಕಾದಂಬರಿಯೇ. ಗೋಡೆಯ ವರ್ಣನೆಯನ್ನೆಲ್ಲ ಎತ್ತಿ ಒಗೆದಿದ್ದರು. ಹಿರಿಯವಳು ಗೋಡೆಗೆ ಕಿವಿ ಹಚ್ಚಿ, ಆಚೆ ತನ್ನ ನೆಗೆಣ್ಣಿ, ಮೈದುನನ ಹೆಂಡತಿ, ಕೆಮ್ಮುವುದನ್ನು ಕೇಳಿ, ಕಷಾಯ ಕಾಸಿ, ಕೊಡಲು ದಾರಿಯಿಲ್ಲದೆ ತಾನೇ ಕುಡಿದಳು ಎಂದರು. ನಾನು ಅದನ್ನು ಮೂರು ಸಲ ಓದಿದ್ದೆ, ನನಗೆ ಏನೂ ಆಗಿರಲಿಲ್ಲ. ಈಗ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

"ಮುಂದೇನಾತವ್ವ?" ಎಂದಳು ನಾದಿನಿ.

"ನಿಮ್ಮ ವೈನಿ ಇನ್ನ ಓದಿಲ್ಲ" ಎಂದರು ಅತ್ತೆ.

ಅವರೆಲ್ಲ ಊರಿಗೆ ಹೋದ ಮೇಲೆ ಗಂಡ ಮಂಚದ ಬಳಿ ನಿಂತು ಹೇಳಿದರು, "ಪುರಾಣ ತಪ್ಪಿತಲ್ಲಬೇ. ಮತ್ತ ಮೊದಲಿಂದ ಹಚ್ಚಬೇಕು. ಇಕಿ ಸೋಮವಾರ ಹ್ಯಾಂಗ ಹೋಗ್ತಾಳ? ನಾನ ಆ ಹೆಡ್‌ಮಾಸ್ತರಿಗೆ ಫೋನ್ ಮಾಡಿ ಹೇಳತೇನಿ."

"ಯಾರ ಹೇಳಿದ್ರ ತಪ್ಪೇತಂತ?" ಎಂದರು ಅತ್ತೆ. "ದಿನಾ ಸಂಜಿಕ ನಾ ಹೇಳೇನಿ, ನಿನ್ನ ತಂಗಿ ಕೇಳ್ಯಾಳ. ಪುರಾಣ ನಡದೈತಿ. ಫೋನ್ ಗೀನ್ ಏನ ಬ್ಯಾಡ, ನೀ ಅಂಗಡಿಗೆ ಹೋಗು."

ಗಂಡ ನನ್ನ ಕಡೆ ನೋಡಿದರು. ನಾನು ಎಂದೂ ಇಲ್ಲದ ಭಕ್ತಿಯಿಂದ ಊದಿನಕಡ್ಡಿ ಹಚ್ಚುತ್ತಿದ್ದೆ.

ಭಾನುವಾರ ಸಂಜೆ ಕಡೆಯ ಅಧ್ಯಾಯವೊಂದೇ ಉಳಿದಿತ್ತು. ಕಾಯಿ ತಂದಿಟ್ಟಿದ್ದೆ, ಹೋಳಿಗೆಗೆ ಬೇಳೆ ಬೇಯಿಸಿದ್ದೆ. ಪುಟ ತೆರೆದೆ. ಅತ್ತೆ ಕೈ ಚಾಚಿ ಪುಸ್ತಕ ಮುಚ್ಚಿದರು.

"ಇದು ಇರಲಿ."

"ಯಾಕ್ರೀ? ಇವತ್ತ ಮಂಗಲ ಅಲ್ಲೇನ್ರಿ?"

"ನೀ ನಾಳೆ ಸಾಲಿಗೆ ಹೋಗು. ಹೋದ ಮ್ಯಾಲ ನನ್ನ ಮುಂದ ಕುಂದ್ರಾವ್ರು ಯಾರು? ನೋಡಾಕ ಒಬ್ಬಾಕಿನ್ನ ಇಡತಾನ ನನ ಮಗ. ಆಕಿ ನೀರು ಕೊಡತಾಳ, ಕಥಿ ಹೇಳತಾಳೇನ? ಅದಕ್ಕ ಮತ್ತ ಮತ್ತ ಮೊದಲಿಂದ ಓದಿಸಿದೆ ನಿನ್ನ. ತಪ್ಪಂದ್ರ ತಪ್ಪು." ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ಇದೊಂದು ಉಳದಿದ್ರ ಪುರಾಣ ನಡದಂಗ. ಪುರಾಣ ಹೇಳಾಕಿ ಎಲ್ಲೆ ಹ್ವಾದ್ರೂ ಸಂಜಿಕ ಬಂದ ಬರತಾಳ."

ಅದನ್ನು ತಮ್ಮ ದಿಂಬಿನ ಕೆಳಗೆ ಸೇರಿಸಿದರು. ಮಂಗಲವಿಲ್ಲದೆ ಹೋಳಿಗೆ ತಿಂದೆವು. ನನಗೆ ಬಿಡುಗಡೆಯಾಯಿತೋ ಗಂಟು ಇನ್ನಷ್ಟು ಬಿಗಿಯಿತೋ ತಿಳಿಯಲಿಲ್ಲ.

ಸೋಮವಾರ ಬಸ್ಸು ಹತ್ತಿದೆ. ಕಿಟಕಿ ತೆರೆದು ಕುಳಿತೆ. ಶನಿವಾರ ಗಿರಮಿಟ್ ಅಂಗಡಿಯಲ್ಲಿ ಗೆಳತಿಯರು "ಮುಗೀತೇನ?" ಎಂದರು. "ಒಂದು ಅಧ್ಯಾಯ ಉಳದೈತಿ" ಎಂದೆ. ನಿಯಮ ನಿಯಮವೇ. ಮಿರ್ಚಿ ಕೊಡಿಸಿ ಸುಮ್ಮನೆ ಕುಳಿತೆ. ಪುಸ್ತಕ ಕೊಟ್ಟವಳು ಕೊನೆ ಏನೆಂದು ಹೇಳಲು ಬಾಯಿ ತೆರೆದಳು. ಅವಳ ಬಾಯಿಗೆ ನಾನೇ ಮಿರ್ಚಿ ತುರುಕಿದೆ.

ಅದಾಗಿ ಕೆಲವು ವರ್ಷಗಳಾದವು. ಅತ್ತೆ ಕೋಲು ಹಿಡಿದು ನಡೆದಾಡಿದರು, ಈಗ ಮತ್ತೆ ಮಂಚ ಹಿಡಿದಿದ್ದಾರೆ. ಪುಸ್ತಕ ಅವರ ದಿಂಬಿನ ಕೆಳಗೇ ಇದೆ, ಗೆಳತಿ ವಾಪಸು ಕೇಳುವುದನ್ನು ಬಿಟ್ಟಿದ್ದಾಳೆ. ನಾನು ಬಸ್ಸಿನಲ್ಲಿ ಓದಿ ಮುಗಿಸಿದ್ದನ್ನೆಲ್ಲ ಸಂಜೆ ಅವರಿಗೆ ಹೇಳುತ್ತೇನೆ. ದಿನಾ ಸಂಜೆ ಹೇಳಬೇಕಲ್ಲ ಎಂಬ ಭಯಕ್ಕೇ ಎಷ್ಟೋ ಪುಸ್ತಕ ಮುಗಿದಿವೆ. ಕೆಲವು ದಿನ ಬೇಸರವಾಗುತ್ತದೆ. ಗೆಳತಿಯರು ಸಿನೆಮಾಕ್ಕೆ ಕರೆದರೆ, ತವರಿನವರು ವಸತಿ ಇರು ಎಂದರೆ, ನನಗೆ ಆ ದಿಂಬು ನೆನಪಾಗುತ್ತದೆ. ಸಿಟ್ಟಿನಿಂದಲೇ ಬ್ಯಾಡಗಿ ಬಸ್ಸು ಹತ್ತುತ್ತೇನೆ.

ಮೊನ್ನೆ ಅತ್ತೆಗೆ ಜ್ವರ ಬಂದು ಇಳಿಯಲಿಲ್ಲ. ಡಾಕ್ಟರು ಬಂದು ನೋಡಿ, ನನ್ನ ಗಂಡನನ್ನು ಹೊರಗೆ ಕರೆದು ಏನೋ ಹೇಳಿ ಹೋದರು. ಸಂಜೆ ಅತ್ತೆ ಕಣ್ಣು ತೆರೆದು, ದಿಂಬಿನ ಕೆಳಗಿನ ಪುಸ್ತಕ ಎಳೆದು ನನ್ನ ಕಡೆ ಸರಿಸಿದರು.

"ಆ ಕಡೀದು ಓದಿಬಿಡು. ಮಂಗಲ ಮಾಡೂಣು. ನಿನಗೂ ಬಿಡುವಾಗ್ಲಿ."

ನಾನು ಪುಸ್ತಕವನ್ನು ಮಣೆಯ ಮೇಲಿಟ್ಟೆ. ಕೈ ಕಡೆಯ ಪುಟಗಳ ಮೇಲೇ ಇತ್ತು.

"ನಡುವ ಭಾಳ ದಿನ ತಪ್ಪೇತ್ರಿ ಅತ್ತೀ. ಹಂಗ ಓದಾಕ ಬರಂಗಿಲ್ಲ. ಮೊದಲಿಂದ ಹಚ್ಚಬೇಕು" ಎಂದೆ.

ಅತ್ತೆ ನನ್ನನ್ನೇ ನೋಡಿದರು. ನಾನು ಮೊದಲ ಪುಟ ತೆಗೆದೆ.