ಮೊದಲ ಶರ್ಟಿನ ಮೆರವಣಿಗೆ

ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಹೊಲಿಗೆ ಮೆಷಿನ್ನಿನ ಸೂಜಿ ಇಳಿದಿದ್ದ ಗುರುತು. ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ನಮ್ಮ ನಾಲ್ಕನೇ ಲೈನಿಗೆ ಅವರು ಸೂಪರ್‌ವೈಸರ್, ನಮಗೆಲ್ಲ ಮೇಡಂ. ಹೊಸಬರು ನೆಪ ಹೇಳಿದರೆ ಆ ಬೆರಳನ್ನೇ ಮುಂದೆ ಹಿಡಿದು, "ನಾನೂ ಇಲ್ಲೇ ಕುಂತಿದ್ದೋಳು ಕಣಮ್ಮ, ನಂಗೇ ಕತೆ ಹೇಳ್ಬೇಡ" ಎನ್ನುತ್ತಿದ್ದರು.

ಬೇರೆ ಲೈನುಗಳಲ್ಲಿ ಗಂಟೆಗೊಮ್ಮೆ ಟಾರ್ಗೆಟ್ ಬೋರ್ಡಿನ ಮುಂದೆ ಬೈಗುಳದ ಸಹಸ್ರನಾಮ ನಡೆಯುತ್ತಿತ್ತು. ನಮ್ಮ ಮೇಡಂ ಬೈಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬೈಯುತ್ತಿದ್ದರು, ಅರ್ಧ ತೆಲುಗಿನಲ್ಲಿ. ಆದರೆ ಯಾರ ಕೈ ನಿಧಾನವಾಯಿತೋ ಅವರನ್ನು ನೀರು ಕುಡಿಯಲು ಕಳಿಸಿ, ಆ ಮೆಷಿನ್ನಿಗೆ ತಾವೇ ಕೂತುಬಿಡುತ್ತಿದ್ದರು.

ಅವರದೇ ಒಂದು ಹುಚ್ಚು ಪದ್ಧತಿಯೂ ಇತ್ತು. ಹೊಸ ಡಿಸೈನಿನ ಮೊದಲ ಶರ್ಟು ಮುಗಿದ ಕೂಡಲೇ ಗೇಟಿನ ಸೆಕ್ಯುರಿಟಿ ತಾತನನ್ನು ಕರೆಸಿ, ಅದನ್ನು ತೊಡಿಸಿ, ಲೈನಿನ ಈ ತುದಿಯಿಂದ ಆ ತುದಿಗೆ ನಡೆಸುವುದು! ತಾತ ಮದುವೆಗಂಡಿನ ಗತ್ತಿನಲ್ಲಿ ಬರುತ್ತಿದ್ದರೆ ನಾವು ಸಿಳ್ಳೆ ಹೊಡೆಯುವುದೊಂದು ಬಾಕಿ. "ದಿನಾ ಬರೀ ಜೇಬು ಹೊಲಿದ್ರೆ ಯಾರ್ಗಾದ್ರೂ ಬೇಜಾರೇ. ನಿನ್ನ ಜೇಬು ಎಲ್ಲಿ ಕುಂತದೆ ನೋಡಮ್ಮ" ಎನ್ನುತ್ತಿದ್ದರು. ನೋಡಿದ ಮೇಲೆ ನಿಜಕ್ಕೂ ಕೈ ಓಡುತ್ತಿತ್ತು.

ಎಂಟು ತಿಂಗಳು ದಾರ ಕತ್ತರಿಸುವ ಹೆಲ್ಪರ್ ಆಗಿದ್ದ ನಾನು ಆಗಷ್ಟೇ ಮೆಷಿನ್ನಿಗೆ ಕೂತಿದ್ದೆ. ತೋಳಿನ ತುದಿಗೆ ಕಫ್ ಪಟ್ಟಿ ಹಚ್ಚುವ ಕೆಲಸ. ಆ ಸಲ ಬಟ್ಟೆ ತಡವಾಗಿ ಬಂದು, ಅವಸರದಲ್ಲಿ ತಾತನ ಮೆರವಣಿಗೆ ತಪ್ಪಿಹೋಯಿತು. ನಾನೂ ಭರ್ಜರಿಯಾಗಿ ಹೊಲಿದೆ. ಎಡಗೈ ಕಫ್ ಬಲತೋಳಿಗೆ, ಬಲಗೈದು ಎಡತೋಳಿಗೆ. ಲಾರಿ ಹೊರಡಬೇಕಾದ ದಿನ ಬೆಳಿಗ್ಗೆ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ದಾಗ ರಾಶಿ ರಾಶಿ ಶರ್ಟು ಹಾಗೇ ಆಗಿದ್ದವು.

ಮ್ಯಾನೇಜರ್ ಕೆಂಡವಾಗಿ ಬಂದರು. "ಯಾರ ಮೆಷಿನ್ ಇದು? ಇವತ್ತೇ ಮನೆಗೆ ಕಳ್ಸಿ!"

ಕೆಲಸ ಹೋಯಿತೆಂದೇ ಅಂದುಕೊಂಡೆ.

"ನಾಕನೇ ಲೈನಿಂದು ಸಾರ್" ಎಂದರು ಮೇಡಂ. "ಮೊದ್ಲ ಶರ್ಟು ತೊಡಿಸಿ ನೋಡಿದ್ದಿದ್ರೆ ಅಲ್ಲೇ ಕಾಣ್ತಿತ್ತು. ನಾನು ನೋಡ್ಲಿಲ್ಲ. ಕಳ್ಸೋದಾದ್ರೆ ನನ್ನೇ ಕಳ್ಸಿ, ಲಾರಿ ಹೋದ್ಮೇಲೆ."

ಮ್ಯಾನೇಜರ್ ಗಡಿಯಾರ ನೋಡಿಕೊಂಡು ಹೊರಟರು. ಮೇಡಂ ನನ್ನ ಕಡೆ ತಿರುಗಿದರು. "ಏಮಮ್ಮಾ, ಅಳ್ತಾ ಕುಂತ್ರೆ ಕಫ್ ತಾನಾಗೇ ಬಿಚ್ಕೊಳ್ತಾವಾ?"

ಅಬ್ಬಾ, ಆ ದಿನ! ಕಾಲರಿನವರು ಹೊಲಿಗೆ ಬಿಚ್ಚಿದರು, ಜೇಬಿನವರು ದಾರ ಕಿತ್ತರು, ನಾನೂ ಮೇಡಮ್ಮೂ ಅಕ್ಕಪಕ್ಕ ಕೂತು ಹೊಲಿದೇ ಹೊಲಿದೆವು. ಊಟದ ಹೊತ್ತಿನಲ್ಲಿ ಮೂರನೇ ಲೈನಿನವರೂ ಬಂದು ಕೈಹಾಕಿದರು, ಯಾರೂ ಕರೆದಿರಲಿಲ್ಲ. ಸಂಜೆ ಐದಕ್ಕೆ ಕೊನೆಯ ಪೆಟ್ಟಿಗೆ ಲಾರಿ ಹತ್ತಿದಾಗ ಇಡೀ ಫ್ಲೋರು ಚಪ್ಪಾಳೆ ಹೊಡೆಯಿತು. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಯಾರೂ ಹೇಳದೆಯೇ ಹೆಲ್ಪರ್ ಟೇಬಲ್ಲಿಗೆ ಹೋಗಿ ನಿಂತೆ. ಮೇಡಂ ರಟ್ಟೆ ಹಿಡಿದು ಮೆಷಿನ್ನಿಗೆ ಎಳೆದುಕೊಂಡು ಹೋದರು. "ಎಡ ಯಾವ್ದು ಬಲ ಯಾವ್ದು ಅಂತ ಈಗ ನಿನಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಕೂತ್ಕೋ."

ಕೂತವಳು ಇನ್ನೂ ಎದ್ದಿಲ್ಲ. ನನ್ನ ಮನೆಯ ಅನ್ನ ಅವರ ಋಣದ್ದು.

ಹೋದ ವರ್ಷ ಅವರು ತೀರಿಕೊಂಡರು. ಮಂಚೇನಹಳ್ಳಿಯಲ್ಲಿ ಅವರ ತಿಥಿಗೆ ಲೈನಿನವರೆಲ್ಲ ಹೋಗಿದ್ದೆವು. ಊಟ ಬಡಿಸುತ್ತಿದ್ದ ಅವರ ಮಗಳು ನಮ್ಮ ಸಾಲಿನ ಮುಂದೆ ನಿಂತಳು.

"ಆ ಕಫ್ ಕತೇನ ಅಮ್ಮ ನೂರು ಸಲ ಹೇಳ್ಕೊಂಡು ನಗ್ತಿದ್ರು ಅಕ್ಕಾ. ಯಾರು ಹೊಲ್ದಿದ್ದು ಅಂತ ಎಷ್ಟು ಕೇಳಿದ್ರೂ ಹೆಸ್ರು ಮಾತ್ರ ಹೇಳ್ಲೇ ಇಲ್ಲ. ಯಾರದು?"

ಸಾಲಿನಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

"ನಾನು ಕಣಮ್ಮ" ಎಂದೆ.