ರೆಕ್ಕೆಯೊಳಗಿನ ಕತ್ತರಿ

ಊರಿನವರೆಲ್ಲ ಅವನನ್ನು ಪೈಲಟ್ ಎಂದೇ ಕರೆಯುತ್ತಿದ್ದರು. ಪುಣ್ಯಾತ್ಮ ಒಮ್ಮೆಯೂ ವಿಮಾನ ಹತ್ತಿ ಹಾರಿದವನಲ್ಲ. ಬಸ್ ಡಿಪೋದ ಮೆಕ್ಯಾನಿಕ್ಕು. ಗುಜರಿಗೆ ಬಿದ್ದ ಮೂರು ವಿಮಾನಗಳನ್ನು ತಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತು ವರ್ಷ ಕೂತು ಜೋಡಿಸಿದ್ದ. "ಕಟ್ಟಿಕೊಂಡಿದ್ದು ಒಬ್ಬನ್ನ, ಸಾಕಿದ್ದು ಮೂರು ಸವತೀರನ್ನ" ಎಂದು ಹೆಂಡತಿ ನಗುತ್ತಿದ್ದಳು. ಈಗ ಪುರಸಭೆಯವರು ಮೂರನ್ನೂ ಹಳೆಯ ಮಾರುಕಟ್ಟೆ ಕಟ್ಟಡಕ್ಕೆ ಸಾಗಿಸಿ ಮ್ಯೂಸಿಯಂ ಮಾಡುತ್ತೇವೆ ಎಂದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಜೊತೆಗೇ ಒಂದು ಅಳುಕು.

ಅಳುಕಿಗೆ ಕಾರಣ ಚಿಕ್ಕ ವಿಮಾನದ ಎಡ ರೆಕ್ಕೆ. ಅದರ ಹೊದಿಕೆ ತಗಡಲ್ಲ, ಬಟ್ಟೆ. ಹೆಂಡತಿ ಟೈಲರ್. ಹನ್ನೊಂದು ವರ್ಷದ ಹಿಂದೆ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ರೆಕ್ಕೆಯ ಮರದ ಪಟ್ಟಿಗಳ ಮೇಲೆ ಆ ಬಟ್ಟೆ ಹೊಲಿದವಳು ಅವಳೇ. ಅದೇ ವಾರ ಅವಳ ತಾಯಿ ಕೊಟ್ಟಿದ್ದ ಕತ್ತರಿ ಕಾಣೆಯಾಯಿತು. ಅವಳ ಬಳಿ ಹೊಲಿಗೆ ಕಲಿತ ನಾದಿನಿ ಆಗಷ್ಟೇ ಸ್ವಂತ ಅಂಗಡಿ ತೆರೆದಿದ್ದಳು. "ನೀನೇನಾದ್ರೂ ತಗೊಂಡು ಹೋದ್ಯಾ?" ಎಂದು ಹೆಂಡತಿ ಅವಳನ್ನು ಕೇಳಿದ್ದಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾದಿನಿ ಅಣ್ಣನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಮುಂದಿನ ವಾರ ಅವನು ರೆಕ್ಕೆ ಎತ್ತಿ ಕೂಡಿಸುವಾಗ ಒಳಗೇನೋ ಜಾರಿ ಖಣ್ ಎಂದಿತು. ಏನೆಂದು ತಕ್ಷಣ ತಿಳಿಯಿತು. ಆದರೆ ಬಟ್ಟೆ ಬಿಗಿಯಾಗಲೆಂದು ಬಳಿದ ಬಣ್ಣ ಮೂರು ಕೈ ಒಣಗಿತ್ತು, ಎಲ್ಲೂ ಒಂದು ಸುಕ್ಕಿರಲಿಲ್ಲ. ಬಿಚ್ಚಲು ಮನಸ್ಸು ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಅಂತಾರೆ. ಇವನು ಹಾಳು ಮಾಡಿದ್ದು ತಂಗಿಯ ತವರನ್ನು. ಕೆಟ್ಟವನಲ್ಲ, ಆದರೆ ತಂಗಿಗಿಂತ ರೆಕ್ಕೆ ಹೆಚ್ಚಾಯಿತು.

ಸಾಗಿಸುವ ದಿನ ನಾಲ್ವರು ಆ ರೆಕ್ಕೆ ಎತ್ತಿದರು. ಖಣ್.

"ಒಳಗೆ ಏನೋ ಕಳಚಿದೆ" ಎಂದರು ಮ್ಯೂಸಿಯಂ ಅಧಿಕಾರಿ. "ಬಟ್ಟೆ ಪೂರ್ತಿ ತೆಗೆಸಿ ಹೊಸದು ಹಾಕ್ಸೋಣ."

ಮೊಳೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಶೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಕಳಚಿದ್ದಲ್ಲ ಸಾರ್, ಇವಳ ಕತ್ತರಿ" ಎಂದ ನೆಲ ನೋಡುತ್ತಾ. "ನಂಗೆ ಮೊದಲಿಂದ್ಲೂ ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಬ್ಲೇಡು ತಂದು, ತನ್ನದೇ ಹೊಲಿಗೆಯನ್ನು ಅಂಗೈ ಅಗಲ ಬಿಚ್ಚಿ, ಕೈ ಹಾಕಿ ತುಕ್ಕು ಹಿಡಿದ ಕತ್ತರಿ ತೆಗೆದಳು. ಅವಳ ಕಣ್ಣು ತುಂಬಿತ್ತು.

"ಹೊಸ ಬಟ್ಟೆ ಬೇಡ ಸಾರ್. ನಾನೇ ಹೊಲಿದುಕೊಡ್ತೀನಿ" ಎಂದು ಗಂಡನ ಕಡೆ ತಿರುಗಿದಳು. "ಆದ್ರೆ ನಿಮ್ಮ ತಂಗಿ ಕಣ್ಮುಂದೆ. ಅವಳು ಬರೋವರ್ಗೂ ಇದು ಹೀಗೇ ಇರಲಿ. ಬಂದವರೆಲ್ಲ ನೋಡ್ಲಿ."

ಅವನು ಮೂರು ಸಲ ತಂಗಿಯ ಮನೆಗೆ ಹೋದ. ಮೂರು ಸಲವೂ ಬಾಗಿಲು ತೆರೆಯಲಿಲ್ಲ.

ಮ್ಯೂಸಿಯಂ ತೆರೆಯಿತು. ಜನಕ್ಕೆ ವಿವರಿಸುವ ಕೆಲಸ ಅವನದೇ. ಇಂಜಿನ್ನು, ಚಕ್ರ ಏನೇ ತೋರಿಸಲಿ, ಎಲ್ಲರ ಬೆರಳೂ ಆ ರೆಕ್ಕೆಯ ಕಡೆಗೇ: "ಇದ್ಯಾಕೆ ಹರಿದಿದೆ?" ಪ್ರತಿ ಸಲವೂ ಅವನು ಮೊದಲಿಂದ ಹೇಳಬೇಕು, ತಪ್ಪು ತನ್ನದು ಎಂಬಲ್ಲಿಗೆ ಮುಗಿಸಬೇಕು. ಹೇಳಿ ಹೇಳಿ ಗಂಟಲು ಕಟ್ಟಿತು.

ಒಂಬತ್ತನೇ ದಿನ ಹಾಗೆ ಹೇಳಿ ತಲೆ ಎತ್ತಿದರೆ, ಗುಂಪಿನ ಹಿಂದೆ ಕೈಯಲ್ಲಿ ಟಿಕೆಟ್ ಹಿಡಿದು ತಂಗಿ ನಿಂತಿದ್ದಳು. ಅಣ್ಣನ ಮುಖ ನೋಡದೆ ನೇರ ರೆಕ್ಕೆಯ ಬಳಿ ಬಂದು, ಬಿಚ್ಚಿದ ಅಂಚನ್ನು ಬೆರಳಲ್ಲಿ ಕೂಡಿಸಿ ಹಿಡಿದಳು.

"ಅತ್ತಿಗೆ ಎಲ್ಲಿ? ಸೂಜಿ ತಗೊಂಡು ಬರೋಕೆ ಹೇಳು" ಎಂದಳು.